ಮಿಲ್ ಸ್ಟಾಪು

ಹೋದ ತಿಂಗಳು ರೈಲಿನಲ್ಲಿ
ಎದುರು ಸೀಟಿನ ಮುದುಕ ಮರೆತಿಳಿದ ಸ್ಟೀಲಿನ ಡಬ್ಬಿ.
ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿ ಕೊರೆದ ಅಕ್ಷರ:
ಮುರಿಗೆಪ್ಪ, ಸ್ಪಿನ್ನಿಂಗ್ ಖಾತೆ, ಮಿಲ್, ದಾವಣಗೆರೆ.
ಕೆಳಗೆ ಇಪ್ಪತ್ತೈದು ವರ್ಷ ಎಂದಷ್ಟೆ.
ಮದುವೆಯದೋ ಚಾಕರಿಯದೋ, ಬರೆದಿಲ್ಲ.

ಇವತ್ತು ಕೊಳ್ಳೇಗಾಲದಿಂದ ಹುಬ್ಬಳ್ಳಿಗೆ ಹೊರಟವಳು
ನಡುವೆ ಇಳಿದಿದ್ದೇನೆ. ಮುಂದಿನ ರೈಲಿಗೆ ಮೂರು ತಾಸು.
ಬರಿದು ಡಬ್ಬಿ ಕೊಡಬಾರದಲ್ಲ,
ತಳಕ್ಕೆ ಹಿಡಿ ಸಕ್ಕರೆ ಹಾಕಿದ್ದೇನೆ;
ಸಿಟಿ ಬಸ್ಸು ಕುಲುಕಿದಾಗೆಲ್ಲ ಒಳಗೆ ಸರಸರ.

ಹತ್ತಿದ ಕೂಡಲೆ ಆಧಾರ್ ಚಾಚಿದೆ.
'ಇದು ಪ್ರೈವೇಟ್ ಐತವ್ವಾ,' ಎಂದ ಕಂಡಕ್ಟರ್ ಹುಡುಗ,
'ಸರ್ಕಾರದ್ರಾಗೆ ತೋರ್ಸು ಅದನ್ನ. ಇಲ್ಲಿ ಹತ್ತು ರೂಪಾಯಿ.'
ಕೊಟ್ಟೆ. ಉದ್ದಕ್ಕೆ ಮಡಚಿ
ಬೆರಳ ಸಂದಿಗೆ ಸಿಕ್ಕಿಸಿಕೊಂಡ.
ಹೆಸರು ಜಬಿ. ಡ್ರೈವರು ಕೂಗಿದ್ದರಿಂದ ಗೊತ್ತು.

'ಎಲ್ಲಿಗೆ?'
'ಮಿಲ್ಲಿಗೆ.'
ಇಡೀ ಬಸ್ಸು ಹಿಂದಿರುಗಿ ನೋಡಿತು.
ಅದು ಬಿದ್ದು ಇಪ್ಪತ್ತು ವರ್ಷ ಆತು, ಎಂದರು ಒಬ್ಬರು.
ಚಿಮಣಿ ಐತಲ್ಲ, ಎಂದರು ಇನ್ನೊಬ್ಬರು.
ಎಲ್ಲಿ ಚಿಮಣಿ, ಅದನ್ನೂ ಕೆಡವಿ ಸೈಟ್ ಮಾಡ್ಯಾರೆ.
ಮೂವರ ಜಗಳ ಮುಗಿಯಲೆಂದು ಕಾದು ಜಬಿ ಹೇಳಿದ:
'ಮಿಲ್ ಇಲ್ಲ. ಮಿಲ್ ಸ್ಟಾಪ್ ಐತೆ. ಕುಂದ್ರು.'

'ಟಾಕೀಸು!' ಎಂದು ಕೂಗಿದಲ್ಲಿ ಟೈಲ್ಸ್ ಅಂಗಡಿ.
'ಬಾವಿ!' ಎಂದಲ್ಲಿ ಎಟಿಎಮ್ಮು.
'ಹುಣಸೆಮರ!' ಎಂದಲ್ಲಿ ನಡುಬಿಸಿಲು.
ಆದರೂ ಜನ ಇಳಿಯುತ್ತಾರೆ ತಲೆಯೆತ್ತದೆ,
ಕರೆಂಟು ಹೋದಾಗ ಅಡುಗೆಮನೆಗೆ ನಡೆದ ಹಾಗೆ.
ನನ್ನ ಫೋನಿನ ನೀಲಿ ಚುಕ್ಕಿಗೆ
ಈಗ ಇರುವುದಷ್ಟೇ ಗೊತ್ತು,
ಅದಕ್ಕೇ ಪಾಪ ಸುತ್ತುತ್ತಿದೆ ತನ್ನ ಸುತ್ತ ತಾನೇ.

'ಮಿಲ್ಲು! ಯಾರವ್ವಾ ಮಿಲ್ಲು!'
ನಾನೇ ಎಂದು ನೆನಪಾಗಲು ಒಂದು ಗಳಿಗೆ ಬೇಕಾಯಿತು.

ಮಂಡಕ್ಕಿ ಭಟ್ಟಿಯ ಹೊಗೆ ದಾಟಿ, ಮೂರನೇ ಓಣಿ.
ಸೊಸೆ ಹಾಲಮ್ಮ ಉಪ್ಪುಗೈಯಲ್ಲೇ ಹೊರಬಂದಳು.
'ಮಾವ ಬಸ್ಸಿಗೆ ಹೋಗ್ಯಾರೆ.'
ಎಲ್ಲಿಗೆ?
'ಎಲ್ಲಿಗೂ ಇಲ್ಲ ಬಿಡ್ರಿ. ಹಳೇ ಶಿಫ್ಟಿನ ಟೈಮಿಗೆ
ದಿನಾ ಒಂದು ಸುತ್ತು.'
ಇಪ್ಪತ್ತೈದು ಏನೆಂದು ಕೇಳಿದೆ.
'ಸರ್ವೀಸಿನದು. ಆಗಿದ್ದು ಇಪ್ಪತ್ನಾಲ್ಕೇ.
ಮೊದ್ಲೇ ಕೊರೆಸಿಟ್ಟಿದ್ರಂತೆ, ಅಷ್ಟೊತ್ತಿಗೆ ಬೀಗ ಬಿತ್ತು.
ಡಬ್ಬಿ ಹೆಂಗೂ ಐತಲ್ಲ ಅಂತ ಹಂಚಿದ್ರು.'

ಚಹಾ ಆಯಿತು. ಮುದುಕ ಬರಲಿಲ್ಲ. ಎದ್ದೆ.
ಸಕ್ಕರೆ ಸುರಿದುಕೊಂಡು ಹಾಲಮ್ಮ
ಬಿಸಿ ಮಂಡಕ್ಕಿ ತುಂಬಿ, ಮುಚ್ಚಳ ಒತ್ತಿ
ಅದೇ ಡಬ್ಬಿ ನನ್ನ ಕೈಗಿಟ್ಟಳು.
ಅಯ್ಯೋ, ಇದನ್ನು ಕೊಡಲಿಕ್ಕೇ ಅಲ್ಲವೆ ಬಂದದ್ದು?
'ಬರಿಗೈಲಿ ಕಳ್ಸಕಾಗ್ತತೇನ್ರೀ.
ಇನ್ನೊಮ್ಮೆ ಬಂದಾಗ ತಂದ್ರಾತು.'

ವಾಪಸು ಬಂದದ್ದು ಜಬಿಯ ಬಸ್ಸೇ.
ಅಶೋಕ ರಸ್ತೆಯಲ್ಲಿ ಗೇಟು ಬಿತ್ತು.
ಎಂಜಿನ್ ಆರಿತು. ಆಟೋಗಳು ಆರಿದವು.
ಪಕ್ಕದ ಗಾಡಿಯಲ್ಲಿ ಮೆಣಸಿನಕಾಯಿ
ಎಣ್ಣೆಗೆ ಬೀಳುವ ಸದ್ದಷ್ಟೆ.
'ಯಾವ ರೈಲು?' ಎಂದೆ.
ಜಬಿ ವಾಚು ನೋಡಿದ, ನನ್ನ ಚೀಲ ನೋಡಿದ,
ಕತ್ತು ತುರಿಸಿಕೊಂಡ.
'ಹುಬ್ಳೀದು.'

ಬಂತು. ಬೋಗಿ ಬೋಗಿಯಾಗಿ ಹೋಯಿತು ನನ್ನ ಮುಂದೆಯೇ.
ಎಸ್ ಫೋರ್, ಮೂವತ್ತೊಂದು, ಸೈಡ್ ಲೋಯರ್:
ನನ್ನ ಕಿಟಕಿಯಲ್ಲಿ ಆಗಲೇ ಯಾರೋ ಕೂತು
ಗೇಟಿನಾಚೆ ಸಾಲುಗಟ್ಟಿದ ನಮ್ಮನ್ನು
ಊರು ನೋಡುವ ಹಾಗೆ ನೋಡುತ್ತಿದ್ದರು.

ಮುಚ್ಚಳ ತೆಗೆದೆ. ಇನ್ನೂ ಬೆಚ್ಚಗಿತ್ತು.
'ಡಬ್ಬಿ ಕೊಡ್ಲೇ ಇಲ್ವೇನವ್ವಾ?'
ಕೊಟ್ಟೆ, ಎಂದೆ,
ಅವನ ಬೊಗಸೆಗೆ ಸುರಿಯುತ್ತ.