ಮಾವಶಿಯ ಜ್ವರ

ಕುಮಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಎರಡನೇ ಬೋರ್ಡು ನನ್ನದು. ಹದಿನಾಲ್ಕು ವರ್ಷ.
ಕಿವಿಯ ಮೇಲೆ ಹೆಡ್‌ಸೆಟ್ಟು ಒತ್ತಿದ ಕುಳಿ
ಈಗಲೂ ಇದೆ, ಮೂಗುತಿ ತೆಗೆದ ತೂತಿನ ಹಾಗೆ.

ಗೋಡೆಯಲ್ಲಿ ಕಟ್ಟು ಹಾಕಿಸಿದ ನಿಯಮ:
ಆಪರೇಟರು ಜೋಡಿಸಬೇಕು, ಕೇಳಬಾರದು.
ಜೋಡಿತೋ ಇಲ್ಲವೋ ತಿಳಿಯಲು ಕೇಳಲೇಬೇಕು
ಎಂಬುದು ಅದನ್ನು ಬರೆದವರಿಗೆ ಹೊಳೆದಿರಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಕೊಚ್ಚಿಯಿಂದ ಅರ್ಜೆಂಟ್ ಕಾಲು
ಉಪೇಂದ್ರ ಶಾನಭಾಗರ ಮಂಡಿಗೆ.
"ಮಾವಶಿಗೆ ಹೇಗಿದೆ?"
"ಜ್ವರ ಏರಿದೆ. ನಾಲ್ಕು ಎಂಬತ್ತು."
ನಾಲ್ಕುನೂರಾ ಎಂಬತ್ತು ಜ್ವರಕ್ಕೆ
ಯಾವ ಮಾವಶಿ ಉಳಿದಾಳು?
ಮೂರು ದಿನದಲ್ಲಿ ನನಗೆ ಪಾಠವಾಯಿತು:
ಬೆವರಿದಳು ಅಂದರೆ ದರ ಇಳಿದಿದೆ,
ಗಂಜಿ ಕುಡಿದಳು ಅಂದರೆ ಕೊಳ್ಳು,
ಪಥ್ಯ ಅಂದರೆ ತಡಿ,
ತೀರಿಕೊಂಡಳು ಅಂದರೆ
ಇದ್ದಬದ್ದದ್ದೆಲ್ಲ ಮಾರು.

ಇದ್ದದ್ದಾದರೂ ಏನು?
ದೇವಿಮನೆ ಘಟ್ಟ ಇಳಿದು ಬರುತ್ತಿದ್ದದ್ದು
ವಾರಕ್ಕೊಂದು ಲಾರಿ ಮೆಣಸು.
ತಂತಿಯ ಮೇಲೆ ದಿನಕ್ಕೆ ಇಪ್ಪತ್ತು ಲಾರಿ.
ಬಳ್ಳಿಯಲ್ಲಿ ಇನ್ನೂ ಮೂಡದ ಕಾಳು
ಫಾಲ್ಗುಣದ ವಾಯಿದೆಗೆ ಮೂರು ಕೈ ದಾಟಿ
ತಿರುಗಿ ಮೊದಲಿನವನ ಕೈಗೇ.
ಒಂದು ಚೀಲವೂ ಅಲುಗದೆ
ಇಬ್ಬರಿಗೆ ಮನೆ ಎದ್ದಿತು, ಒಬ್ಬನದು ಬಿತ್ತು.
ಯಾರಿಗೂ ಒಂದು ಸೀನು ಬರಲಿಲ್ಲ.

ಕಾರವಾರದಿಂದ ಇನ್ಸ್‌ಪೆಕ್ಟರು ಬಂದ.
ಒಳ್ಳೆಯ ಮನುಷ್ಯ, ಒದ್ದೆ ಕೊಡೆ ಹೊರಗಿಟ್ಟ.
ಪರವಾನಗಿಯಿಲ್ಲದ ವಾಯಿದೆ ವ್ಯಾಪಾರ
ಫೋನಿನಲ್ಲೇ ನಡೆಯುತ್ತಿದೆಯಂತೆ,
ನಿಮ್ಮ ಕಿವಿಗೇನಾದರೂ...
"ಕೇಳುವ ಹಾಗಿಲ್ಲ ಸರ್" ಎಂದು ಗೋಡೆ ತೋರಿಸಿದೆ.
ಓದಿದ. ನಿಧಾನ ಬರೆದುಕೊಂಡ.
ಒಂದು ನಿಯಮದ ಎದುರು ಇನ್ನೊಂದು
ಹೀಗೆ ಪೆನ್ನು ಮುಚ್ಚಿದ್ದು ಮೊದಲ ಸಲ ಕಂಡೆ.
ಮೆಟ್ಟಿಲಿಳಿಯುತ್ತ ಹೇಳಿದ:
"ಕೊಚ್ಚಿಯಲ್ಲಿ ಏನೋ ಜ್ವರದ ಹಾವಳಿಯಂತೆ. ಜೋಪಾನ."

ಶ್ರಾವಣದ ಒಂದು ಸೋಮವಾರ
ಹತ್ತಕ್ಕಲ್ಲ, ಏಳಕ್ಕೇ ಗಂಟೆ.
ಅದೇ ದನಿ. ಆದರೆ ಮಾತಿಗೆ ಮೊದಲು
ಉಗುಳು ನುಂಗಿದ ಸದ್ದು.
ಅವಳ ಸ್ವಂತ ಮಗ ಅವನು; ಆಯಿ ಅನ್ನಬೇಕಿತ್ತು.
ತಂತಿಯಲ್ಲಿ ನಾಲ್ಕು ವರ್ಷದ ರೂಢಿ.
"ಮಾವಶಿ ತೀರಿಕೊಂಡಳು."
"ಎಷ್ಟಕ್ಕೆ?"
ಆ ಕಡೆ ಗಾಳಿ. ಮತ್ತೂ ಗಾಳಿ.
"ನಾಲ್ಕೂವರೆಗೆ."
"ತಿಳೀತು" ಎಂದು ಇವರು ಇಟ್ಟೇಬಿಟ್ಟರು.

ಎರಡು ನಿಮಿಷ ಹತ್ತು ಸೆಕೆಂಡು ಬಾಕಿ ಇತ್ತು.
ಕೊಚ್ಚಿಯವನು ಹಲೋ ಹಲೋ ಅನ್ನುತ್ತಲೇ ಇದ್ದ.
ನನ್ನ ಕೈಯಲ್ಲಿ ವಯರು, ಬಾಯಿ ಅರ್ಧ ತೆರೆದಿತ್ತು.
ಗೋಡೆ ನೋಡಿದೆ.
ಪಿನ್ನು ಕಿತ್ತೆ.

ಮಧ್ಯಾಹ್ನದೊಳಗೆ ಶಾನಭಾಗರು
ನಾಲ್ಕುನೂರಾ ಐವತ್ತಕ್ಕೆ ಎಲ್ಲ ಮಾರಿದ್ದರು.
ಅಚ್ಚರಿಯೆಂದರೆ ಮುಂದಿನ ವಾರ
ದರ ನಿಜಕ್ಕೂ ಮುಗ್ಗರಿಸಿತು,
ಪೇಟೆಯ ಹನ್ನೊಂದು ಮಂಡಿಯಲ್ಲಿ ಹತ್ತು ಕದವೆಳೆದವು.
ಶಾನಭಾಗರ ಮೂಗು ಎಂದರೆ ಮೂಗು, ಅಂದರು ಜನ,
ನಾಳೆಯ ವಾಸನೆ ಇವತ್ತೇ ಹಿಡಿಯುತ್ತದೆ.
ಟೆಲಿಗ್ರಾಮು ಗುರುವಾರ ಬಂದಿತ್ತು.

ಕೌಂಟರಿಗೆ ಅವರೇ ಬಂದರು.
ಬೋಳಿಸಿದ ಮೀಸೆಯ ಜಾಗ ಬೆಳ್ಳಗೆ, ಮಗುವಿನದರಂತೆ.
"ನೀವು ಕೇಳಿಸಿಕೊಂಡಿದ್ದಿರಾ?"
"ಕೇಳುವ ಹಾಗಿಲ್ಲ."
ಅವರು ತಲೆಯಾಡಿಸಿದರು, ದರ ಒಪ್ಪಿದವರಂತೆ.
"ಕೊಚ್ಚಿಗೊಂದು ಕಾಲು ಬರೆದುಕೊಳ್ಳಿ. ಸಾದಾ. ಅರ್ಜೆಂಟಿಲ್ಲ."
"ಯಾರನ್ನು ಕರೆಯಬೇಕು?" ಫಾರಮ್ಮಿನಲ್ಲಿ ಆ ಸಾಲು ಇದೆ.
"ಮಾವಶಿಯನ್ನು."

ಜೋಡಿಸಿದೆ.
ಬೀಗ ಹಾಕಿದ ಮನೆಯಲ್ಲಿ ಫೋನು ಹೊಡೆದುಕೊಂಡಿತು,
ಪೂರ್ತಿ ಮೂರು ನಿಮಿಷ, ಒಂದು ಸೆಕೆಂಡು ಕಡಿಮೆಯಿಲ್ಲ.
ಉತ್ತರವಿಲ್ಲದ ಕಾಲಿಗೆ ಬಿಲ್ಲಿಲ್ಲ, ಅದೂ ನಿಯಮವೇ.
ಅವರು ಹಣ ಇಟ್ಟು ಹೋಗಿಬಿಟ್ಟಿದ್ದರು.

ಆ ದಿನದ ಲೆಕ್ಕದಲ್ಲಿ ಎಂಟು ರೂಪಾಯಿ ಹೆಚ್ಚು ಬಂತು.
ಯಾವ ಖಾತೆಗೆ ಬರೆಯಲಿ ಎಂದು
ಮೇಲಿನವರಿಗೆ ಕಾಗದ ಹಾಕಿದ್ದೆ.