ಆರು ಫ್ರೇಮು, ಒಂದು ಪ್ರಶ್ನಾರ್ಥಕ

ಹದಿನೇಳು ವರ್ಷದಿಂದ ಈ ಊರಲ್ಲಿ ಕ್ಯಾಮೆರಾ ಕೂರಿಸುತ್ತಿದ್ದೇನೆ.
ಚಿನ್ನದಂಗಡಿ, ಪಿಜಿ ಹಾಸ್ಟೆಲು, ನರ್ಸರಿ ಶಾಲೆ,
ಒಮ್ಮೆ ಒಂದು ಸ್ಮಶಾನದ ಗೇಟಿಗೂ.
ಎಲ್ಲವೂ ಕೆಳಗೆ ನೋಡುವಂಥವು.

ಲಗ್ಗೆರೆಯ ಮೂರನೇ ಮಹಡಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ
ಒಂದನ್ನು ಮಾತ್ರ ಅಂಗಾತ ಮಲಗಿಸಿದೆ.
ಎಸ್‌ಪಿ ರೋಡಿನಲ್ಲಿ ಚೌಕಾಸಿ ಮಾಡಿ ತಂದ ಅಗಲ ಕಣ್ಣಿನ ಲೆನ್ಸು,
ಸುತ್ತ ತಳ ಕೊಯ್ದ ಉಪ್ಪಿನಕಾಯಿ ಡಬ್ಬಿ.
ಓನರ್ ಮುನಿಲಕ್ಷ್ಮಮ್ಮ ಮೆಟ್ಟಿಲ ಮೇಲೇ ನಿಂತು ಕೇಳಿದರು:
'ಅಲ್ಲಪ್ಪ, ಕಳ್ಳ ಮೇಲಿಂದ ಬತ್ತಾನಾ?'
'ಬರ್ತಾನಮ್ಮ. ಸೆಕೆಂಡಿಗೆ ಮೂವತ್ತೈದು ಕಿಲೋಮೀಟರು.'
'ಕಂಪ್ಲೇಂಟ್ ಕೊಟ್ಟಿದೀಯಾ?'

ಅಲುಗಿದ್ದನ್ನೆಲ್ಲ ಸಾಫ್ಟ್‌ವೇರು ಹಿಡಿದಿಡುತ್ತದೆ.
ಬೆಳಗ್ಗೆ ಕೂತು ಆರಿಸುತ್ತೇನೆ, ಅಕ್ಕಿ ಆರಿಸಿದ ಹಾಗೆ,
ಆದರೆ ತಿರುಗುಮುರುಗು:
ನನಗೆ ಬೇಕಾದ್ದು ಕಲ್ಲು, ಎಸೆಯುವುದು ಅಕ್ಕಿ.
ದೇವನಹಳ್ಳಿಗೆ ಇಳಿಯುವ ವಿಮಾನ, ಬಾವಲಿ,
ಮದುವೆ ಹಾಲಿನ ಲೇಸರು,
ಗಾಜಿನ ಮೇಲೇ ನಡೆದುಹೋದ ಜೇಡ,
ಅದು ಇಡೀ ಆಕಾಶದಷ್ಟು ದೊಡ್ಡದು.

ಕಮ್ಮನಹಳ್ಳಿಯ ಫಿಲೋಮಿನಾ ಮೇಡಂ ಕಣ್ಣನ್ನು ನಂಬುವವರಲ್ಲ.
ದೂರವಾಣಿನಗರದಲ್ಲಿ ಮೂವತ್ತು ವರ್ಷ ಟೆಲಿಫೋನು ಪರೀಕ್ಷಿಸಿದ ಕಿವಿ.
ತಾರಸಿಯ ಆಂಟೆನಾ ಕಂಡು ಕೇಬಲ್ ಹುಡುಗರು ನಗುತ್ತಾರೆ,
'ಇನ್ನೂ ದೂರದರ್ಶನಾನಾ ಆಂಟಿ?'
ಎಫ್‌ಎಂನಲ್ಲಿ ಯಾರೂ ಬಾಡಿಗೆಗಿಲ್ಲದ ಒಂದು ಮೂಲೆ ಹುಡುಕಿ
ಬರಿಯ ಬುಸ್ ಸದ್ದಿಗೆ ಕಿವಿಗೊಟ್ಟು ಕೂರುತ್ತಾರೆ.
ಸಾವಿರ ಕಿಲೋಮೀಟರ್ ಆಚೆಯ ಸ್ಟೇಷನ್ನು,
ಭೂಮಿಯ ಉಬ್ಬಿಗೆ ಮರೆಯಾದದ್ದು,
ನಮಗೆ ಕೇಳಿಸಲೇಬಾರದು.
ನಡುದಾರಿಯಲ್ಲೆಲ್ಲೋ ಒಂದು ಹರಳು ಉರಿದು
ಗಾಳಿಗೆ ಗೀರೆಳೆದರೆ
ಆ ಗೀರಿಗೆ ತಾಗಿ ಒಂದು ಚೂರು ಸದ್ದು
ಕಮ್ಮನಹಳ್ಳಿಗೆ ಬೀಳುತ್ತದೆ.
ಮೇಡಂ ನೋಟ್‌ಬುಕ್ಕಿನಲ್ಲಿ:

೨.೦೬. ಗಂಡಸು. 'ಲ್ಲಾ'.
೨.೩೧. ತಬಲಾ, ಎರಡು ಏಟು.
೨.೫೦. ಹೆಂಗಸು. ನಗುವ ಮುಂಚಿನ ಉಸಿರು.
ಭಾಷೆ: ಗೊತ್ತಿಲ್ಲ.

ಡಿಸೆಂಬರಿನ ಆ ರಾತ್ರಿ ಮೋಡ.
ಊರ ಬೆಳಕು ಕುಡಿದು ಕಿತ್ತಳೆ ಬಣ್ಣಕ್ಕೆ ತಿರುಗಿದ ಮೋಡ.
ನನ್ನ ಪರದೆಯಲ್ಲಿ ಸೊನ್ನೆ, ಸೊನ್ನೆ.
ಫೋನಿನಲ್ಲಿ ಅವರು: 'ನಲವತ್ತು... ನಲವತ್ತೊಂದು...
ಮೋಡ ನನಗೆ ಕೇಳಿಸಲ್ಲ ಕಣಪ್ಪ.'

ನಾಲ್ಕು ಹದಿನೇಳಕ್ಕೆ ಟ್ಯಾಂಕಿನ ನೆತ್ತಿಯಲ್ಲಿ
ಒಗೆದ ಪಂಚೆ ಹರಿದಷ್ಟು ಮೋಡ ಹರಿಯಿತು.
ಆರು ಫ್ರೇಮು. ಕಾಲು ಸೆಕೆಂಡು.
ಅದೇ ಗಳಿಗೆ ಫೋನಿನಲ್ಲಿ, 'ಅರವತ್ತೆರಡು. ಉದ್ದ ಇತ್ತು. ಒಂದಿಡೀ ಪದ.'
'ನನ್ನದೇ ಮೇಡಂ! ನಾನು ಕಂಡದ್ದೇ ನೀವು ಕೇಳಿದ್ದು!'

ಸ್ವಲ್ಪ ಹೊತ್ತು ಬುಸ್ ಸದ್ದು ಮಾತ್ರ.
ಆಮೇಲೆ, ಲೈನು ಪರೀಕ್ಷಿಸುವ ಹಳೆಯ ದನಿ:
'ನಿಂದು ಲಗ್ಗೆರೆ ತಲೆ ಮೇಲೆ. ನಂದು ನಡುದಾರಿಯದು,
ಐನೂರು ಕಿಲೋಮೀಟರ್ ಉತ್ತರಕ್ಕೆ.
ಬೇರೆ ಬೇರೆ ಕಲ್ಲು. ಸೆಕೆಂಡು ಒಂದೇ, ಅಷ್ಟೆ.'
ಪದ ಯಾವುದು ಅಂದೆ.
'ಸೋಪಿನ ಜಾಹೀರಾತಿರಬೇಕು.'

ಮುಂದಿನ ಭಾನುವಾರ ನೋಟ್‌ಬುಕ್ಕು ನೋಡಿದೆ.
ಅರವತ್ತೆರಡರ ಪಕ್ಕ, ಪೆನ್ಸಿಲಿನಲ್ಲಿ,
ಒಂದು ಪ್ರಶ್ನಾರ್ಥಕ.
ಇಂಕಿನಲ್ಲೇ ಬರೆಯುವ ಹೆಂಗಸು.
ನಾನು ಏನೂ ಕೇಳಲಿಲ್ಲ.

ಅಂದು ಬೆಳಗ್ಗೆ ಒಂಬತ್ತಕ್ಕೆ ಮಾತ್ರ
ಹೆಸರಘಟ್ಟ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಏಣಿಯ ಮೇಲಿದ್ದೆ,
ಬಾಯಲ್ಲಿ ಎರಡು ಸ್ಕ್ರೂ, ಕಣ್ಣಲ್ಲಿ ನಿದ್ದೆ.
ಸೆಕ್ಯುರಿಟಿ ಹುಡುಗ ಮೊಬೈಲು ನೋಡುತ್ತ ಕೂಗುತ್ತಿದ್ದ:
'ಬರೀ ಆಕಾಶ ಬರ್ತಿದೆ ಅಣ್ಣ.
ಕೆಳಗೆ.
ಇನ್ನೂ ಸ್ವಲ್ಪ ಕೆಳಗೆ.'