ಹಿಂದಿನ ಎಡಬಾಗಿಲು

ಒಳಗೆ ತಲೆ ಎಣಿಸುತ್ತಿದ್ದಾರೆ.
ಒಟ್ಟು ಹದಿನಾರು; ನಿನ್ನೆ ರಾತ್ರಿಯ ಮಟ್ಟಿಗೆ
ಒಂಬತ್ತು ಇತ್ತ, ಏಳು ಅತ್ತ.
ನಾನು ಹೊರಗೆ, ಜೀಗುಜ್ಜೆ ಮರದಡಿ,
ಬಾನೆಟ್ಟಿನ ಮೇಲೆ ಬಿದ್ದ ಎಲೆ ಒರೆಸುತ್ತ
ಒಂದೇ ಚಿಂತೆಯಲ್ಲಿದ್ದೇನೆ:
ಈ ಸಂಜೆ ಹಿಂದಿನ ಎಡಬಾಗಿಲು
ಯಾರಿಗೆ ತೆರೆಯಬೇಕು?

ಇಪ್ಪತ್ತೆರಡು ವರ್ಷ, ಒಂಬತ್ತು ಪ್ರಧಾನಿಗಳು,
ಕಾರು ಮಾತ್ರ ಎರಡೇ.
ಉಪ್ಪು ತಿಂದವರು ನೀರು ಕುಡಿಯಬೇಕಂತೆ.
ಫುನಾಫುಟಿಯಲ್ಲಿ ತಿನ್ನುವುದು ಉಪ್ಪೇ:
ಮೊದಲ ಕಾರನ್ನು ಚಕ್ರದಿಂದ ಶುರುಮಾಡಿ
ಕನ್ನಡಿಯವರೆಗೆ ತಿಂದು ಮುಗಿಸಿತು.

ಒಬ್ಬರು ಕೂತ ಕೂಡಲೆ ಗೊರಕೆ.
ಇನ್ನೊಬ್ಬರು ಬಜೆಟ್ ಭಾಷಣವನ್ನಿಡೀ
ನನ್ನ ಕತ್ತಿನ ಹಿಂಭಾಗಕ್ಕೆ ಓದಿ
ಹೇಗಿದೆ? ಅಂದರು.
ಡೀಸೆಲ್ ಹಡಗು ಬರುವ ದಿನ ಹೇಳಲಿಲ್ಲ, ಅಂದೆ.
ಪೆನ್ನು ಕೇಳಿ ಇಸಕೊಂಡರು.
ಪೆನ್ನು ಇನ್ನೂ ಬಂದಿಲ್ಲ.

ಹೋದ ತಿಂಗಳು ಬಂದಿದ್ದ ಪರದೇಶದ ಅತಿಥಿ
ದಾರಿಯುದ್ದಕ್ಕೂ ಕಿಟಕಿಯಲ್ಲಿ ಹುಡುಕಿದರು:
ನಿಮ್ಮ ಸೇನೆ ಎಲ್ಲಿ?
ಇಲ್ಲ ಸ್ವಾಮಿ.
ಮತ್ತೆ ಬಂದವರಿಗೆ ತೋಪು ಹಾರಿಸುವುದು?
ಹೂವಿನ ದಂಡೆ ಕೊಟ್ಟರಲ್ಲ, ತಲೆಯ ಮೇಲಿದೆ.
ಗಡಿ?
ಕಾರು ನಿಲ್ಲಿಸಿದೆ. ಎಡಕ್ಕೆ ಕಡಲು,
ಬಲಕ್ಕೂ ಕಡಲೇ, ಕೊಂಚ ಸಾಧು.
ನಡುವೆ ರಸ್ತೆ, ನಾವಿಬ್ಬರು,
ಯಾರದೋ ಹಂದಿ.
ನಕ್ಕರು. ಆಮೇಲೆ ಬಹಳ ಹೊತ್ತು ನಗಲಿಲ್ಲ.

ಹಾಗಂತ ನಾವೇನು ಸಂತರಲ್ಲ.
ಒಂದು ವರ್ಷ ಸಭಾಭವನದ ಬೀಗ ಬದಲಾಗಿತ್ತು,
ಬೀಗದ ಕೈ ಎಲ್ಲಿದೆಯೆಂದು ಊರಿಗೆಲ್ಲ ಗೊತ್ತಿತ್ತು,
ಕೇಳುವವರಿರಲಿಲ್ಲ.
ಕಾನ್‌ಸ್ಟೇಬಲ್ ಫೈವಾ, ಒಂದು ಟಾರ್ಚು, ಒಂದು ಸೀಟಿ,
ಹತ್ತು ದಿನ ಬಾಗಿಲಲ್ಲಿ ಕೂತು
ಇಡೀ ಮೀನುಬಲೆ ಹೆಣೆದು ಮುಗಿಸಿದ.
ಆಗ ಸಿಟ್ಟಾದ ಅಣ್ಣತಮ್ಮಂದಿರು
ಇಂದಿಗೂ ಇಗರ್ಜಿಯಲ್ಲಿ ಬೇರೆ ಬೇರೆ ಬೆಂಚು.

ಬೆಳಿಗ್ಗೆಯೇ ನನಗೆ ವಾಸನೆ ಹತ್ತಿತ್ತು.
ನುಕುಲೇಲೇಯ ಸದಸ್ಯರಿಬ್ಬರು
ಥರ್ಮಾಸು ಹಿಡಿದು ನನ್ನೆದುರೇ ಹಾದುಹೋದರು,
ಮುಖ ನೋಡಲಿಲ್ಲ.
ಒಬ್ಬ ಲೊಲೆಸಿಯೊ, ನನ್ನ ಹೆಂಡತಿಯ ಸೋದರಮಾವನ ಮಗ.
ಅವರ ದ್ವೀಪಕ್ಕೆ ಹಡಗು ಹೋಗಿ ಏಳು ವಾರ.
ಅಕ್ಕಿ ಮುಗಿದು, ಹಿಟ್ಟು ಮುಗಿದು,
ಕೊನೆಗೆ ತಾಳ್ಮೆ.

ಸೈರನ್ ಕೂಗಿತು.
ಗಾಬರಿಯಾಗಬೇಡಿ: ವಿಮಾನ ಬರುತ್ತಿದೆ,
ರನ್‌ವೇ ಮೇಲೆ ಆಡುವ ಮಕ್ಕಳು
ವಾಲಿಬಾಲ್ ನೆಟ್ ಸುತ್ತಿಕೊಂಡು ಏಳಲಿ ಅಂತ.
ನಮಗಿರುವ ಕೂಗು ಅದೊಂದೇ.
ಅದು ನಿಂತಾಗ ಒಳಗಿನ ಸದ್ದೂ ನಿಂತಿತ್ತು.

ಮೊದಲು ಹೊರಬಂದವರು ತಿನಿಲಾವ್.
ಅಭ್ಯಾಸಬಲ, ನೆಟ್ಟಗೆ ಎಡಬಾಗಿಲಿಗೇ ನಡೆದರು.
ನನ್ನ ಕೈ ಹಿಡಿಕೆಯ ಮೇಲೆ;
ತೆಗೆಯಲೂ ಆಗದು, ತೆಗೆಯದಿರಲೂ ಆಗದು.
ಅವರೇ ನಿಂತರು. ಅಂಗಿಯ ಗುಂಡಿ ಮುಟ್ಟಿಕೊಂಡರು.
ಸುತ್ತಿ ಬಂದು, ಮುಂದೆ, ನನ್ನ ಪಕ್ಕ ಕೂತರು.
ದಾರಿಯಲ್ಲೇ ತಾನೆ ನನ್ನ ಮನೆ, ಅಂದರು.

ಹಿಂದೆ ವಗುನಾ, ಹೊಸಬರು,
ಎಲ್ಲಿ ಒರಗಬೇಕೆಂದು ತಿಳಿಯದೆ ನೆಟ್ಟಗೆ.
ಇರುವುದೊಂದು ರಸ್ತೆ, ಇರುವುದೊಂದು ಕಾರು.
ವಿಮಾನದ ಧೂಳು ಇಳಿಯುವವರೆಗೆ ಮಾತಿಲ್ಲ.
ಆಮೇಲೆ ಹಿಂದಿನಿಂದ, ಮೆಲ್ಲಗೆ:
ಆ ಹಡಗಿನ ಎಂಜಿನ್ನಿಗೆ ನಿಜವಾಗಿ ಏನಾಗಿತ್ತು?
ತಿನಿಲಾವ್ ಪೂರ್ತಿ ತಿರುಗಿ ಕೂತರು.
ಸೀಲು, ಅಂದರು. ಸುವಾದಿಂದ ಬರಬೇಕು.
ಕಾಗದ ನನ್ನ ಮೇಜಿನ ಕೆಳಗಿನ ಖಾನೆಯಲ್ಲಿದೆ.
ನಿನ್ನ ಮೇಜಿನ.

ಮನೆ ಬಂತು. ಡಬ್ಬದಿಂದ ಓದುಕನ್ನಡಕ ತೆಗೆದುಕೊಂಡರು,
ಬಾಗಿಲು ನೂಕಿದರು, ಜಗ್ಗಲಿಲ್ಲ.
ಉಪ್ಪು ಹಿಡಿದಿದೆ, ಒಳಗಿಂದ ಆಗದು, ಅಂದೆ.
ಇಳಿದು ಸುತ್ತಿ ಬಂದೆ.
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ
ಮುಂದಿನ ಬಾಗಿಲು ತೆರೆದು ಹಿಡಿದು ನಿಂತೆ.